ಹೆಗಲು ಮೊಣಕೈಗಿಳಿದ ಕಾಲ

ಹಾಸನದ ಬಿ.ಎಂ. ರಸ್ತೆಯಲ್ಲಿ ಈಗ ಅಂಗಡಿ ತೆರೆಯುವವರಿಗೆ ಎರಡೇ ದಾರಿ. ಒಂದೋ ಮೊಮೊ, ಇಲ್ಲವೇ ಓವರ್‌ಸೈಜ್ ಟೀ ಶರ್ಟ್. ಎರಡನೆಯದರಲ್ಲಿ ರಗಳೆ ಕಡಿಮೆ. ಗೋಡೆಗೆ ಕಪ್ಪು ಬಣ್ಣ, ಒಂದು ನಿಯಾನ್ ದೀಪ, ಕಬ್ಬಿಣದ ಪೈಪಿಗೆ ನೇತುಹಾಕಿದ ಬಟ್ಟೆ ಇದ್ದರೆ ಸಾಕು. ಅಳತೆಯ ಟೇಪು ಬೇಡವೇ ಬೇಡ. ಮೊದಲು ಬಂದವರಿಗೆ ಒಂದು ರೂಪಾಯಿಗೆ ಟೀ ಶರ್ಟ್ ಎಂದು ರೀಲ್ಸ್ ಬಿಟ್ಟರೆ ಮುಗಿಯಿತು. ಹಾಸನಾಂಬೆಯ ದರ್ಶನಕ್ಕೆ ಪಾಸ್ ಇದೆಯೇ ಎಂದು ಊರೆಲ್ಲ ಫೋನ್ ಮಾಡುವ ಹುಡುಗರು ಇಲ್ಲಿ ಬೆಳಗಿನ ಜಾವವೇ ಬಂದು ಧರ್ಮದರ್ಶನದ ಸರತಿಯಲ್ಲಿ ತಲೆತಗ್ಗಿಸಿ ನಿಲ್ಲುತ್ತಾರೆ. ಮುಂದಿನದು ನಿಮಗೆ ಗೊತ್ತೇ ಇದೆ: ನೂಕುನುಗ್ಗಲು, ಪೊಲೀಸರು, ಅರ್ಧಕ್ಕೆ ಎಳೆದ ಶಟರ್. ಊರು ಬೇರೆಯಾದರೂ ವರದಿ ಒಂದೇ.

ಅಕ್ಕನ ಮಗ ಹಾಸನದಲ್ಲಿ ಓದುತ್ತಿದ್ದಾನೆ. ಅವನು ಸರತಿಯಲ್ಲಿ ನಿಲ್ಲುವವನಲ್ಲ, 1,299 ರೂಪಾಯಿ ಕೊಟ್ಟೇ ಕೊಂಡವನು. ತೊಟ್ಟುಕೊಂಡು ಬಂದು ಎದುರು ನಿಂತ. ಹೆಗಲಿನ ಹೊಲಿಗೆ ಹೆಗಲಲ್ಲಿಲ್ಲ, ಮೊಣಕೈಗೆ ನಾಲ್ಕು ಬೆರಳು ಮೇಲೆ ಇದೆ. ಉಳಿದ ಅಂಗಿಗಳಲ್ಲಿ ತೋಳು ಮುಗಿಯುವ ಜಾಗದಲ್ಲಿ ಇದರ ತೋಳು ಆರಂಭವಾಗುತ್ತದೆ. ಕೆಳಗಿನ ಅಂಚು ತೊಡೆಯ ನಡುವಿಗೆ ಬಂದಿದೆ. ಬೆನ್ನ ಮೇಲೆ ಜಪಾನಿ ಲಿಪಿಯಲ್ಲಿ ಏನೋ ಬರೆದಿದೆ. ಏನೆಂದು ಅವನಿಗೂ ತಿಳಿಯದು. ಹಾಸನದ ಬಸ್ ನಿಲ್ದಾಣದಲ್ಲಿ ಅದನ್ನು ಓದಬಲ್ಲವರು ಎದುರಾಗುವ ಅಪಾಯವೂ ಇಲ್ಲ.

‘ಒಳಗೆ ಇನ್ನೊಬ್ಬನಿಗೆ ಜಾಗ ಇದೆಯಲ್ಲೋ’ ಎಂದೆ.

‘ಹಾಗೆಯೇ ಇರಬೇಕು ಮಾವ. ಇದು ಎಂ ಸೈಜ್. ಎಲ್ ಸಿಗಲಿಲ್ಲ’ ಎಂದ. ದನಿಯಲ್ಲಿ ನಿಜವಾದ ಬೇಸರವಿತ್ತು.

ಪಾಪ, ಕೇಂದ್ರ ಸರ್ಕಾರದ ಶ್ರಮ ನೆನಪಾಯಿತು. ನಮ್ಮವರ ಮೈಗೆ ನಮ್ಮದೇ ಆದ ಅಳತೆಯ ಪಟ್ಟಿ ಇಲ್ಲ, ಅಮೆರಿಕ, ಬ್ರಿಟನ್ನಿನ ಪಟ್ಟಿ ನೋಡಿಕೊಂಡು ಹೊಲಿದದ್ದನ್ನು ನಾವು ತೊಡುತ್ತಿದ್ದೇವೆ ಎಂದು ಜವಳಿ ಸಚಿವಾಲಯಕ್ಕೆ ಚಿಂತೆಯಾಗಿ, ಫ್ಯಾಶನ್ ಕಲಿಸುವ ನಿಫ್ಟ್ ಸಂಸ್ಥೆಗೆ ‘ಇಂಡಿಯಾ ಸೈಜ್’ ಎಂಬ ಯೋಜನೆ ವಹಿಸಿತು. ಆರು ನಗರಗಳಲ್ಲಿ 15ರಿಂದ 65 ವರ್ಷದ ಸುಮಾರು 25,000 ಜನರನ್ನು ತ್ರೀಡಿ ಸ್ಕ್ಯಾನರ್ ಮುಂದೆ ನಿಲ್ಲಿಸಿ ಎದೆ, ಸೊಂಟ, ಹೆಗಲು ಎಲ್ಲವನ್ನೂ ಅಳೆಯುವ ಯೋಜನೆ ಅದು. ಒಳ್ಳೆಯ ಕೆಲಸವೇ. ಆದರೆ ದೇಶದ ಎದೆಯ ಸುತ್ತಳತೆಯನ್ನು ಸರ್ಕಾರ ಗುರುತು ಹಾಕಿಕೊಳ್ಳುವಷ್ಟರಲ್ಲಿ ದೇಶದ ಹುಡುಗರು ತಮಗೆ ಎದೆ ಎಂಬುದೊಂದು ಇದೆ ಎನ್ನುವ ಸುಳಿವೂ ಸಿಗದ ಹಾಗೆ ಬಟ್ಟೆ ತೊಟ್ಟರು. ಶ್ರವಣಬೆಳಗೊಳದ 58 ಅಡಿಯ ಗೊಮ್ಮಟ ಬಟ್ಟೆಯ ಗೊಡವೆಯನ್ನೇ ಬಿಟ್ಟು ಸಾವಿರ ವರ್ಷ ದಾಟಿತು. ಅದೇ ಜಿಲ್ಲೆಯಲ್ಲಿ ಐವತ್ತು ಕಿಲೋ ತೂಗುವ ಹುಡುಗನಿಗೆ ಎಂ ಸಾಲುವುದಿಲ್ಲ.

ಬಣ್ಣದ ಕಥೆಯೇ ಬೇರೆ. ಬಣ್ಣ ಬಣ್ಣದ ಬಟ್ಟೆ ತೊಡುವ ವಯಸ್ಸು ಎಂದು ನಾವು ಅಂದುಕೊಂಡಿರುವ ವಯಸ್ಸಿನವರು ಬೂದಿ, ಮರಳು, ಒಣಗಿದ ಎಲೆ, ಒದ್ದೆ ಸಿಮೆಂಟು ಈ ನಾಲ್ಕರಲ್ಲೇ ಓಡಾಡುತ್ತಿದ್ದಾರೆ. ಇದರ ಹಿಂದೆ ದೊಡ್ಡವರಿದ್ದಾರೆ. ಅಮೆರಿಕದ ನ್ಯೂಜೆರ್ಸಿಯ ಪ್ಯಾಂಟೋನ್ ಸಂಸ್ಥೆ ವರ್ಷಕ್ಕೊಂದು ಬಣ್ಣಕ್ಕೆ ಪಟ್ಟ ಕಟ್ಟುತ್ತದೆ. 2025ರ ಪಟ್ಟ ‘ಮೋಕಾ ಮೂಸ್’ ಎಂಬ ಕಂದು ಬಣ್ಣಕ್ಕೆ ಸಿಕ್ಕಿತು. ಕಾಫಿ, ಚಾಕೊಲೇಟುಗಳ ಹಿತವನ್ನು ಮನಸ್ಸಿಗೆ ತರುವ ಬಣ್ಣವಂತೆ. ನಮ್ಮ ಕಡೆ ಅಡಿಕೆ ಸುಲಿಯುವವರ ಅಂಗಿಯನ್ನು ಒಮ್ಮೆ ನೋಡಿ. ಅಡಿಕೆ ಚೊಗರಿನ ಕಂದು ಕಲೆ ಹತ್ತಿದರೆ ಯಾವ ಸಾಬೂನಿಗೂ ಬಗ್ಗುವುದಿಲ್ಲ. ಅದನ್ನು ತೊಟ್ಟು ಪೇಟೆಗೆ ಹೊರಟರೆ ಮನೆಯವರು ಬಾಗಿಲಲ್ಲೇ ತಡೆಯುತ್ತಾರೆ. ನ್ಯೂಜೆರ್ಸಿಯಿಂದ ಅಪ್ಪಣೆ ಬಂದ ಮೇಲೆ ಅದೇ ಕಂದು ಬಣ್ಣವನ್ನು ಕೆಪುಚಿನೊ ಅಂಗಡಿಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳಲು ತೊಡುತ್ತಾರೆ. 2026ಕ್ಕೆ ಪ್ಯಾಂಟೋನ್ ಮನಸ್ಸು ಬದಲಾಯಿಸಿ ‘ಕ್ಲೌಡ್ ಡ್ಯಾನ್ಸರ್’ ಎಂಬ ಬಿಳಿಯನ್ನು ಆರಿಸಿದೆ. ತೊಂದರೆ ಏನಿಲ್ಲ. ಅದನ್ನು ತೊಟ್ಟು ಮಳೆಗಾಲದಲ್ಲಿ ಬೈಕ್ ಹತ್ತಿ ಹಾಸನದಿಂದ ಸಕಲೇಶಪುರದ ಕಡೆ ಹೊರಡಿ. ಕೆಸರು ಎರಚಿಕೊಂಡು ಊರು ಮುಟ್ಟುವಷ್ಟರಲ್ಲಿ 2026ರ ಬಣ್ಣ 2025ಕ್ಕೆ ತಿರುಗಿರುತ್ತದೆ.

ಇನ್ನು ಕಂಫರ್ಟ್. ಇದರ ಮೇಲೆ ಮಾತನಾಡುವಂತಿಲ್ಲ, ಎಲ್ಲ ಜಾಹೀರಾತೂ ಅಲ್ಲಿಗೇ ಬಂದು ನಿಲ್ಲುತ್ತದೆ. ಬಟ್ಟೆಯ ದಪ್ಪವನ್ನು ಈಗ ಜಿಎಸ್‌ಎಂನಲ್ಲಿ ಹೇಳುತ್ತಾರೆ: ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಮ್ ತೂಗುತ್ತದೆ ಎಂಬ ಲೆಕ್ಕ. ಸಾಮಾನ್ಯ ಟೀ ಶರ್ಟ್ 180ರ ಆಸುಪಾಸಿನದು. ನಮ್ಮ ಹುಡುಗರು 240ಕ್ಕಿಂತ ಕೆಳಗಿಳಿಯುವುದಿಲ್ಲ. ಕಾಲೇಜು ರಜೆಗೆ ಅಕ್ಕನ ಮಗ ಮೂಡಿಗೆರೆ ಕಡೆಯ ಮನೆಗೆ ಅಂತಹ ಅಂಗಿಗಳನ್ನು ಹೊತ್ತುಕೊಂಡು ಹೋದ. ಅದು ಆಷಾಢ. ಮಲೆನಾಡಿನ ಆಷಾಢದಲ್ಲಿ ಕರವಸ್ತ್ರ ಒಣಗಿಸುವುದೇ ಒಂದು ಸಾಧನೆ. ಬಚ್ಚಲೊಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಮನೆಮಂದಿಯ ಬಟ್ಟೆಗಳೆಲ್ಲ ಪಾಳಿಯ ಮೇಲೆ ಒಣಗಬೇಕು. ಇವನ ಒಂದು ಅಂಗಿ ನಾಲ್ವರ ಜಾಗ ಹಿಡಿದು, ತೊಟ್ಟಿಕ್ಕಿ, ಒಲೆಯನ್ನು ಎರಡು ಸಲ ಆರಿಸಿತು. ‘ಇದನ್ನು ಒಗೆಯುವುದಕ್ಕಿಂತ ಎಮ್ಮೆ ತೊಳೆಯುವುದು ಸುಲಭ’ ಎಂದಳು ಅಕ್ಕ. ಕೊನೆಗೆ ಒಣಗಿತು ಎಂದು ಇವನು ತೊಟ್ಟಾಗ ಹೊಗೆ, ಮುಗ್ಗಲು, ಸೆಂಟು ಮೂರೂ ಸೇರಿ ನಾಯಿ ಅವನನ್ನು ಗುರುತು ಹಿಡಿಯದೆ ಬೊಗಳಿತು.

ಅದೇ ಮನೆಯ ಹಿಂದಿನ ಕೊಟ್ಟಿಗೆಯ ಗೂಟದಲ್ಲಿ ಕಂಬಳಿಯೊಂದು ತೂಗುತ್ತಿತ್ತು. ಅದನ್ನು ಕೊಪ್ಪೆ ಮಾಡಿ ತಲೆಯ ಮೇಲೆ ಇಳಿಬಿಟ್ಟರೆ ಮಳೆ, ಚಳಿ ಎರಡಕ್ಕೂ ಆಗುತ್ತದೆ, ಎರಡೂ ಕೈ ಬಿಡುವಾಗಿರುತ್ತವೆ. ಟೋಪಿ ಅಂಟಿಸಿದ ಹೂಡಿ ಅಂಗಿಗಳು ಬರುವುದಕ್ಕೆ ಎಷ್ಟೋ ಮೊದಲೇ ನಮ್ಮ ಗದ್ದೆಗಳಲ್ಲಿ ಅದನ್ನು ಹೊದ್ದು ಸಸಿ ಕಿತ್ತವರಿದ್ದಾರೆ. ನಿಯಾನ್ ದೀಪದ ಕೆಳಗೆ ಕಂಬಳಿ ನೇತುಹಾಕುವ ಧೈರ್ಯ ಯಾರಿಗಾದರೂ ಇದ್ದರೆ ಮಾಡಲಿ, ಸಲಹೆಗೆ ನನಗೇನೂ ಕೊಡಬೇಕಾಗಿಲ್ಲ.

ಹೀಗೆಲ್ಲ ಬರೆದೆನೆಂದು ಹುಡುಗರ ಬಟ್ಟೆ ನೋಡಿ ಸಂಸ್ಕೃತಿ ಹಾಳಾಯಿತು ಎನ್ನುವ ಹಿರಿಯರು ನನ್ನನ್ನು ತಮ್ಮ ಕಟ್ಟೆಗೆ ಕರೆಯಬಾರದು. ಬೆಲ್ ಬಾಟಮ್ ಪ್ಯಾಂಟಿನಲ್ಲಿ ಊರಿನ ರಸ್ತೆ ಗುಡಿಸಿದವರು ಇವರೇ. ಮುಂದೆ ಪೆನ್ಸಿಲ್ ಪ್ಯಾಂಟ್ ಬಂದಾಗ ‘ಹಾಕಿಕೊಂಡ ಮೇಲೆ ಹೊಲಿಸಿದೆಯೇನೋ’ ಎಂದು ನಕ್ಕವರೂ ಇವರೇ. ಬಿಗಿಯಾದರೂ ಬೈಗುಳ, ಸಡಿಲವಾದರೂ ಬೈಗುಳ. ಬೈಗುಳದಲ್ಲೇ ನಿಂತರೆ ಪುಣ್ಯ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಬಟ್ಟೆ ಬಳಕೆಗೆ ಮಿತಿ ಹಾಕಿತ್ತು. ಹಾಗಿದ್ದೂ ದೊಗಲೆ ‘ಜೂಟ್ ಸೂಟ್’ ತೊಟ್ಟರು ಎಂದು 1943ರ ಜೂನ್‌ನಲ್ಲಿ ಲಾಸ್ ಏಂಜಲೀಸಿನಲ್ಲಿ ನೌಕಾಪಡೆಯ ಹುಡುಗರು ಮೆಕ್ಸಿಕನ್ ಮೂಲದ ಹುಡುಗರನ್ನು ಬೀದಿಯಲ್ಲಿ ಹಿಡಿದು ಬಡಿದರು, ಮೈಮೇಲಿನ ಬಟ್ಟೆ ಹರಿದರು. ಪೊಲೀಸರು ಬಂದು ಹೆಚ್ಚಾಗಿ ಹಿಡಿದೊಯ್ದದ್ದು ಪೆಟ್ಟು ತಿಂದವರನ್ನು. ಬಟ್ಟೆ ದೊಡ್ಡದಾಯಿತೆಂದು ದೇಶಭಕ್ತಿಗೆ ಧಕ್ಕೆಯಾಗುವುದು ಹೊಸದೇನಲ್ಲ.

ನನಗೆ ಸಿಟ್ಟು ಬರುವುದು ಹುಡುಗರ ಬಟ್ಟೆಯ ಮೇಲಲ್ಲ. ಕಾಫಿ ಕೊಯ್ಲಿನ ದಿನಗಳಲ್ಲಿ ಬೆಳಿಗ್ಗೆ ಎಂಟಕ್ಕೆ ಚಿಕ್ಕಮಗಳೂರಿನ ಯಾವುದಾದರೂ ಎಸ್ಟೇಟಿನ ಗೇಟಿನ ಮುಂದೆ ನಿಂತು ನೋಡಿ. ಪಿಕಪ್‌ನಿಂದ ಇಳಿಯುವ ಹೆಂಗಸರು ಸೀರೆಯ ಮೇಲೆ ಗಂಡನ ತುಂಬುತೋಳಿನ ಅಂಗಿ ತೊಟ್ಟಿರುತ್ತಾರೆ. ಕತ್ತಿನ ತನಕ ಗುಂಡಿ, ಅಂಗಿಯ ಹೆಗಲು ಅವರ ಹೆಗಲಿಂದ ಆಚೆಗೆ, ಎರಡು ಮಡಿಕೆ ಮಡಿಸಿದ ತೋಳು. ಗಿಡ ಅಲುಗಿದರೆ ಮೈಮೇಲೆ ಸುರಿಯುವ ಕೆಂಜಿಗಕ್ಕೆ, ಗೀರುವ ರೆಂಬೆಗೆ ಅಡ್ಡವಾಗಿ ತೊಟ್ಟದ್ದು ಅದು. ಮುಳ್ಳಯ್ಯನಗಿರಿಗೆ ಹೊರಟ ಕಾರುಗಳು ಅಲ್ಲಿ ನಿಲ್ಲುತ್ತವೆ, 240 ಜಿಎಸ್‌ಎಂನ ಯುವಕರು ಇಳಿದು ನಗುತ್ತಾ ಅವರ ಫೋಟೊ ತೆಗೆಯುತ್ತಾರೆ, ಕೇಳುವುದೂ ಇಲ್ಲ. ಇದರಲ್ಲಿ ನಗುವಂಥದ್ದು ಏನಿದೆ ಎಂದು ನನಗೆ ತಿಳಿಯುತ್ತಿಲ್ಲ. ಹಾಸನದ ವಿಶೇಷ ಆರ್ಥಿಕ ವಲಯದಲ್ಲಿ ಹೊರದೇಶದ ಹಾಸಿಗೆಗೆ ಅಂಚು ತಪ್ಪದ ಹೊದಿಕೆ ತಯಾರಾಗುತ್ತದೆ. ಅವರ ಮಂಚದ ಅಳತೆ ಸೆಂಟಿಮೀಟರ್ ಸಹಿತ ನಮಗೆ ಗೊತ್ತು. ನಮ್ಮ ಸರ್ಕಾರಿ ಶಾಲೆಯ ಮಗುವಿನ ಅಳತೆ ಮಾತ್ರ ಯಾರಿಗೂ ಗೊತ್ತಾಗುವುದಿಲ್ಲ. ಶಾಲೆ ತೆರೆದು ತಿಂಗಳುಗಳಾದ ಮೇಲೆ ಎರಡನೇ ಜೊತೆ ಸಮವಸ್ತ್ರ ಬಂದ ವರ್ಷಗಳಿವೆ. ಬಟ್ಟೆಯಾಗಿ ಬಂದರೆ ಹೊಲಿಗೆಯ ಕೂಲಿ ಕೊಡಬೇಕಾದವರು ಕೂಲಿ ಮಾಡುವ ಅಪ್ಪ ಅಮ್ಮನೇ. ನಾಲ್ಕನೇ ತರಗತಿಯ ಹುಡುಗನ ಚಡ್ಡಿ ಮೊಣಕಾಲು ದಾಟಿ, ಸೊಂಟದಲ್ಲಿ ನಿಲ್ಲುವುದಿಲ್ಲ; ಉಡಿದಾರಕ್ಕೆ ಸಿಕ್ಕಿಸಿಕೊಂಡು ಅವನು ಓಡುತ್ತಿರುತ್ತಾನೆ. ಅದು ಫ್ಯಾಶನ್ ಅಲ್ಲ. ಅದು ಆರನೇ ತರಗತಿಯ ತನಕ ಬರಬೇಕು.

ನಮ್ಮ ಬೀದಿಯ ದರ್ಜಿಯನ್ನು, ಓವರ್‌ಸೈಜ್ ಬಂದ ಮೇಲೆ ವ್ಯಾಪಾರ ಹೇಗಿದೆ ಎಂದು ಕೇಳಿದೆ.

‘ಅಳತೆ ಕೊಡುವವರೇ ಇಲ್ಲ ಸರ್. ಉಳಿದಿರುವುದು ಯೂನಿಫಾರಂ ಹೊಲಿಗೆ ಒಂದೇ. ಅದೂ ಬಟ್ಟೆ ಬಂದರೆ.’