ರಾಜಧಾನಿಗೆ ನಲವತ್ತು ನಿಮಿಷ, ಅಂಗಡಿಗೆ ಮೂವತ್ತೈದು

ಕಳೆದ ಮೇ ತಿಂಗಳ ಕೊನೆಯ ವಾರದಲ್ಲಿ ನಾನೂ ನನ್ನ ಹೆಂಡತಿಯೂ ವಿಯೆಟ್ನಾಂಗೆ ಹೋಗಿ ಬಂದೆವು. ಹನೋಯ್‌ನಿಂದ ದಕ್ಷಿಣಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿರುವ ನಿನ್ ಬಿನ್ ಪ್ರಾಂತ್ಯವನ್ನು ಒಂದು ದಿನದ ಗೈಡೆಡ್ ಟೂರ್‌ನಲ್ಲಿ ನೋಡಿದೆವು ಎಂದಾಗ, ಎಲ್ಲಿಗೆ ಹೋದರೂ ಬೈಕು ಬಾಡಿಗೆಗೆ ಹಿಡಿದು ತಿರುಗುವ ನನ್ನ ಅಳಿಯ, "ಏನ್ ಮಾವ, ಕುರಿಮಂದೆ ಹಾಗೆ ಹೋಗಿ ಬಂದ್ರಾ?" ಎಂದು ನಕ್ಕ. ಇಂಥ ಪ್ರವಾಸಗಳಿಗೆ ಮೂಗು ಮುರಿಯುವವರ ಸಾಲಿನಲ್ಲಿ ಮೊದಲು ನಾನೂ ಇದ್ದವನೇ. ಈಗ ಅಷ್ಟು ಸಲೀಸಾಗಿ ನಗಲಾರೆ. ಆದರೆ ಆ ದಿನ ನನಗೆ ಹಿಡಿಸದ ಸಂಗತಿಗಳೂ ಇವೆ, ಮತ್ತು ಅವು ಅಳಿಯ ಅಂದುಕೊಂಡ ಸಂಗತಿಗಳಲ್ಲ.

ಬೆಳಿಗ್ಗೆ ಏಳೂವರೆಗೆ ಹೋಟೆಲಿನ ಬಾಗಿಲಿಗೆ ವ್ಯಾನು ಬರುತ್ತದೆ, ಸಂಜೆ ಏಳೂವರೆಯ ಹೊತ್ತಿಗೆ ಅದೇ ಬಾಗಿಲಿನಲ್ಲಿ ಇಳಿಸುತ್ತದೆ. ನಡುವೆ ಹಳೆಯ ರಾಜಧಾನಿ ಹ್ವಾ ಲು, ಊಟ, ತಾಮ್ ಕೊಕ್‌ನಲ್ಲಿ ದೋಣಿ, ಮುವಾ ಗುಡ್ಡದ ಮೆಟ್ಟಿಲು. ಅರವತ್ತು ದಾಟಿದ, ಭಾಷೆ ಬಾರದ, ಮಂಡಿನೋವಿನ ಇಬ್ಬರಿಗೆ ಇದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ. ಇಪ್ಪತ್ತೇಳೆಂಟು ವರ್ಷದ ನಮ್ಮ ಗೈಡ್ ವ್ಯಾನು ಹೊರಟ ಹತ್ತನೇ ನಿಮಿಷದಲ್ಲಿಯೇ ಜೇಬಿನಿಂದ ಎರಡು ನೋಟು ತೆಗೆದು ಎತ್ತಿ ತೋರಿಸಿದ. ಒಂದು 20,000 ಡಾಂಗ್, ಇನ್ನೊಂದು 5,00,000 ಡಾಂಗ್. ಎರಡೂ ನೀಲಿ, ಎರಡರ ಮೇಲೂ ಹೊ ಚಿ ಮಿನ್ ಮುಖ. "ಬಣ್ಣ ನೋಡಬೇಡಿ, ಸೊನ್ನೆ ಎಣಿಸಿ" ಎಂದ. ಒಂದು ರೂಪಾಯಿಗೆ ಹೆಚ್ಚುಕಡಿಮೆ 300 ಡಾಂಗ್ ಬರುವ ದೇಶದಲ್ಲಿ ಮೊದಲನೆಯದು ಎಪ್ಪತ್ತು ರೂಪಾಯಿಗೂ ಕಡಿಮೆ, ಎರಡನೆಯದು ಸಾವಿರದ ಆರುನೂರು, ಏಳುನೂರು ರೂಪಾಯಿ. ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ನೋಟು ಎಣಿಸಿ ಬೆರಳು ಸವೆಸಿದ ನನಗೆ ಈ ಪಾಠವೇ ಎಂದು ಒಳಗೊಳಗೇ ನಕ್ಕೆ. ಆ ನಗುವಿನ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಒಂದು ಗಂಟೆಯ ದಾರಿಯಾದ ಮೇಲೆ ವ್ಯಾನು ಹೆದ್ದಾರಿ ಪಕ್ಕದ ದೊಡ್ಡ ಮಳಿಗೆಯೊಂದರ ಮುಂದೆ ನಿಂತಿತು. ಶೌಚಾಲಯಕ್ಕಾಗಿ ಎಂದು ಹೇಳಿದರು. ಶೌಚಾಲಯವಿದ್ದದ್ದು ಮಳಿಗೆಯ ತೀರಾ ಹಿಂಬದಿಯಲ್ಲಿ. ಅಲ್ಲಿಗೆ ಹೋಗಲು ಕಸೂತಿಯ ಚಿತ್ರಗಳು, ಅರಗಿನ ಮೆರುಗಿನ ತಟ್ಟೆಗಳು, ಅಮೃತಶಿಲೆಯ ಸಿಂಹಗಳು, ಮುತ್ತಿನ ಸರಗಳು ಎಲ್ಲವನ್ನೂ ದಾಟಬೇಕು, ಹಿಂದಿರುಗುವಾಗ ಬೇರೆಯ ಸಾಲಿನಲ್ಲಿ ಇನ್ನಷ್ಟನ್ನು ದಾಟಬೇಕು. ಮೂವತ್ತೈದು ನಿಮಿಷ ಹೋಯಿತು. ಗೈಡ್ ಮಾತ್ರ ಒಳಗೆ ಬರದೆ ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಐಸ್ ಹಾಕಿದ ಚಹಾ ಕುಡಿಯುತ್ತಿದ್ದ. ಈ ನಿಲುಗಡೆಯ ಬಗ್ಗೆ ಅವನ ಮುಖದಲ್ಲಿ ಉತ್ಸಾಹವೇನೂ ಕಾಣಲಿಲ್ಲ. ಪ್ಯಾಕೇಜ್ ಮಾಡುವವರು ಬೇರೆ, ಅದನ್ನು ನಡೆಸುವವರು ಬೇರೆ.

ಹ್ವಾ ಲುವಿಗೆ ಸಿಕ್ಕಿದ್ದು ನಲವತ್ತು ನಿಮಿಷ. ವ್ಯಾನಿನಿಂದ ಇಳಿದ ಕೂಡಲೇ ಮೊದಲು ಆಗುವುದು ನಿರಾಸೆ, ಏಕೆಂದರೆ ಅಲ್ಲಿ ಅರಮನೆಯೂ ಇಲ್ಲ, ಕೋಟೆಯ ಬುರುಜೂ ಇಲ್ಲ. 968ರಲ್ಲಿ ದಿನ್ ಬೊ ಲಿನ್ ಎಂಬ ವೀರ 12 ಪಾಳೆಯಗಾರರನ್ನು ಸೋಲಿಸಿ ದೇಶವನ್ನು ಒಂದುಮಾಡಿ ಇಲ್ಲಿ ಪಟ್ಟಕ್ಕೆ ಬಂದ. 1010ರಲ್ಲಿ ಲಿ ವಂಶದ ಮೊದಲ ಅರಸ ರಾಜಧಾನಿಯನ್ನು ಥಾಂಗ್ ಲಾಂಗ್‌ಗೆ, ಅಂದರೆ ಇಂದಿನ ಹನೋಯ್‌ಗೆ ಒಯ್ದ. ನಲವತ್ತೆರಡು ವರ್ಷದ ಆ ವೈಭವದಲ್ಲಿ ಮರದ್ದೆಲ್ಲ ಮಣ್ಣಾಗಿದೆ. ಉಳಿದದ್ದು ಅಗೆತದಲ್ಲಿ ಸಿಕ್ಕ ಇಟ್ಟಿಗೆಯ ನೆಲಗಟ್ಟು. ಅದರಲ್ಲಿನ ಕೆಲವು ಇಟ್ಟಿಗೆಗಳ ಮೇಲೆ 'ಮಹಾ ವಿಯೆಟ್ ದೇಶದ ಸೈನ್ಯದ ಕೋಟೆಯ ಇಟ್ಟಿಗೆ' ಎಂಬ ಅರ್ಥದ ಚೀನೀ ಅಕ್ಷರಗಳನ್ನು ಒತ್ತಿದ್ದಾರೆ. ಈಗ ನಾವು ನೋಡುವ ಎರಡು ಗುಡಿಗಳು ದೇವರವಲ್ಲ, ಇಬ್ಬರು ಅರಸರ ಸ್ಮಾರಕಗಳು. ಅವುಗಳ ಇಂದಿನ ರೂಪ 17ನೇ ಶತಮಾನದ್ದು.

ಹೀಗೆ ನೋಡಲು ಏನೂ ಇಲ್ಲದ ಜಾಗದಲ್ಲಿಯೇ ಗೈಡ್ ಎಂಬವನ ಬೆಲೆ ಗೊತ್ತಾಗುವುದು. ಅವನು ನಮ್ಮನ್ನು ಗುಡಿಯೊಳಗೆ ನುಗ್ಗಿಸಲಿಲ್ಲ. ಅಂಗಳದಲ್ಲಿ ನಿಲ್ಲಿಸಿ ಸುತ್ತಲಿನ ಸುಣ್ಣಕಲ್ಲಿನ ಗುಡ್ಡಗಳನ್ನು ತೋರಿಸಿ, "ಗೋಡೆ ಎಲ್ಲಿ ಎಂದು ಕೇಳುತ್ತೀರಲ್ಲ, ಇದೇ ಗೋಡೆ, ನಡುವೆ ಸಂದು ಇದ್ದಲ್ಲಿ ಮಾತ್ರ ಅರಸ ಮಣ್ಣು ಹಾಕಿ ಮುಚ್ಚಿದ" ಎಂದ. ಹಂಪಿಯಲ್ಲಿ ಬಂಡೆಗಳ ನಡುವೆ ಕೋಟೆಗೋಡೆ ನುಸುಳಿ ಹೋಗುವುದನ್ನು ನೋಡಿದ ಯಾರಿಗಾದರೂ ಆ ಮಾತು ಥಟ್ಟನೆ ಅರ್ಥವಾಗುತ್ತದೆ. ಆಮೇಲೆ ಕಥೆ ಶುರುವಾಯಿತು. ಎಮ್ಮೆ ಕಾಯುವ ಹುಡುಗನಾಗಿದ್ದಾಗ ದಿನ್ ಬೊ ಲಿನ್ ಜೊಂಡಿನ ಹೂವನ್ನೇ ಬಾವುಟ ಮಾಡಿಕೊಂಡು ಯುದ್ಧದ ಆಟ ಆಡುತ್ತಿದ್ದನಂತೆ. ಅರಸನಾದ ಮೇಲೆ ಅಪರಾಧಿಗಳನ್ನು ಹೆದರಿಸಲು ಅಂಗಳದಲ್ಲಿ ಎಣ್ಣೆಯ ಕೊಪ್ಪರಿಗೆಯನ್ನೂ ಬೋನಿನಲ್ಲಿ ಹುಲಿಯನ್ನೂ ಇಟ್ಟಿದ್ದನಂತೆ. 979ರಲ್ಲಿ ಅವನೂ ಹಿರಿಯ ಮಗನೂ ಒಟ್ಟಿಗೆ ಕೊಲೆಯಾದರು. ಪಟ್ಟಕ್ಕೆ ಉಳಿದದ್ದು ಆರು ವರ್ಷದ ಮಗು, ಉತ್ತರದ ಗಡಿಯತ್ತ ಹೊರಟದ್ದು ಚೀನಾದ ಸಾಂಗ್ ಅರಸರ ಸೈನ್ಯ. ಆಗ ರಾಜಮಾತೆ ಜುಯಾಂಗ್ ವಾನ್ ಙಾ ಅರಸನ ನಿಲುವಂಗಿಯನ್ನು ತನ್ನ ಮಗನಿಗೆ ಉಳಿಸಿಕೊಳ್ಳದೆ ಸೇನಾಪತಿ ಲೆ ಹ್ವಾನ್‌ನ ಹೆಗಲಿಗೆ ಹೊದಿಸಿದಳು. ಅವನು 981ರಲ್ಲಿ ಸಾಂಗ್ ಸೈನ್ಯವನ್ನು ಸೋಲಿಸಿದ. ಅವಳು ಅವನ ರಾಣಿಯಾದಳು.

"ಹಿಂದಿನ ಪಂಡಿತರು ಅವಳನ್ನು ಬೈದು ಬರೆದರು, ಇಂದಿನವರು ಹೊಗಳುತ್ತಾರೆ, ನೀವೇನು ಹೇಳುತ್ತೀರಿ?" ಎಂದು ಗೈಡ್ ಕೇಳಿ ಸುಮ್ಮನಾದ. ವ್ಯಾನಿನ ಹನ್ನೊಂದು ಜನರಲ್ಲಿ ಮೊದಲು ಬಾಯಿ ಬಿಟ್ಟವಳು ನನ್ನ ಹೆಂಡತಿ. "ಮಗು ಬದುಕಿ ಉಳಿಯಿತಾ?" ಎಂದು ಕೇಳಿದಳು. ಉಳಿಯಿತು, ದೊಡ್ಡವನೂ ಆದ ಎಂದು ಅವನು ಹೇಳಿದ ಮೇಲೆ, "ಹಾಗಾದ್ರೆ ಸರಿಯಾಗೇ ಮಾಡಿದ್ಲು" ಎಂದು ತೀರ್ಪು ಕೊಟ್ಟಳು. ನಾನೊಬ್ಬನೇ ಬಾಡಿಗೆ ಬೈಕಿನಲ್ಲಿ ಹೋಗಿದ್ದರೆ ಎರಡು ಗುಡಿ, ಒಂದು ಕಲ್ಲಿನ ಪೀಠ, ನಾಲ್ಕು ಫೋಟೋ ತೆಗೆದುಕೊಂಡು ಕಾಲು ಗಂಟೆಯಲ್ಲಿ ಹೊರಬೀಳುತ್ತಿದ್ದೆ ಎಂಬುದನ್ನು ಅಳಿಯನಿಗೆ ಹೇಳಿದ್ದೇನೆ.

ಕಥೆಗೇ ಹೊತ್ತು ಮುಗಿದಿದ್ದರಿಂದ ನಮಗೆ ತಪ್ಪಿದ್ದೊಂದಿದೆ. ಆ ಗುಡಿಗಳಿಗೆ ಹತ್ತಿರದಲ್ಲಿಯೇ ನ್ಯಾತ್ ಚು ಎಂಬ ಪಗೋಡಾ ಇದೆ. ಅದರ ಅಂಗಳದಲ್ಲಿ ಲೆ ಹ್ವಾನ್ 995ರಲ್ಲಿ ನಿಲ್ಲಿಸಿದ ಎಂಟು ಮುಖದ ಕಲ್ಲಿನ ಕಂಬವಿದೆ, ಅದರ ಮೇಲೆ ಶೂರಂಗಮ ಸೂತ್ರವನ್ನು ಚೀನೀ ಲಿಪಿಯಲ್ಲಿ ಕೊರೆದಿದ್ದಾರೆ. ಆ ಊರಿನಲ್ಲಿ ಅರಸರ ಕಾಲದಿಂದ ಇಂದಿನವರೆಗೆ ನೆಲದ ಮೇಲೆ ನಿಂತು ಉಳಿದಿರುವ ವಸ್ತು ಎಂದರೆ ಅದು. ಸಂಸ್ಕೃತದ ಹೆಸರೊಂದು ಅಷ್ಟು ದೂರ ಹೋಗಿ ಕಲ್ಲಿನಲ್ಲಿ ಕೂತಿರುವುದನ್ನು ನೋಡುವ ಆಸೆ ನನ್ನಂಥವನಿಗೆ ಇರುವುದಿಲ್ಲವೇ? ಇದು ತಿಳಿದದ್ದು ಊರಿಗೆ ಬಂದ ಮೇಲೆ. ಅಮೃತಶಿಲೆಯ ಸಿಂಹಗಳ ಮುಂದೆ ಕಳೆದ ಮೂವತ್ತೈದು ನಿಮಿಷ ಆಗ ನೆನಪಾಯಿತು.

ಊಟದ ವಿಷಯ. 'ಕಮ್ ಚಾಯ್' ಎಂದರೆ ಸಸ್ಯಾಹಾರಿ ಊಟ ಎಂದು ಹೋಟೆಲಿನ ಹುಡುಗಿ ಬರೆದುಕೊಟ್ಟದ್ದನ್ನು ನಾನು ಬಾಯಿಪಾಠ ಮಾಡಿದ್ದೆ. ಅದೇ ಶಬ್ದವನ್ನು ಸ್ವರ ಏರಿಸಿ ಹೇಳಿದರೆ ಸೀದ ಅನ್ನ ಎಂದಾಗುತ್ತದೆ ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ. ಪಾತ್ರೆಯ ತಳ ಹಿಡಿದ ಅನ್ನವನ್ನು ಒಣಗಿಸಿ, ಕರಿದು, ಮೇಲೆ ಮಾಂಸದ ಪುಡಿಯನ್ನೋ ಆಡಿನ ಮಾಂಸದ ಸಾರನ್ನೋ ಹಾಕಿ ಕೊಡುವುದು ನಿನ್ ಬಿನ್‌ನ ಹೆಸರಾಂತ ತಿನಿಸು. ಇಷ್ಟು ಸ್ಪಷ್ಟವಾಗಿ ಅದನ್ನೇ ಕೇಳಿದ ಪರದೇಶಿಯ ಮುಂದೆ ಪರಿಚಾರಕಿ ಸಂತೋಷದಿಂದ ಅದನ್ನು ತಂದಿಟ್ಟಳು. ಗೈಡ್ ಓಡಿ ಬಂದು ತಟ್ಟೆ ಬದಲಿಸಿ, ಮೇಲೆ ಏನೂ ಇಲ್ಲದ ಸೀದ ಅನ್ನ, ತೋಫು, ಬೇಯಿಸಿದ ಸೊಪ್ಪು ತರಿಸಿದ. ಅಜ್ಜಿ ಪಾತ್ರೆ ಕೆರೆದು ಕೊಡುತ್ತಿದ್ದ ಸೀಕಲಿಗೆ ಇಂಥ ಮರ್ಯಾದೆ ಸಿಗುವ ಊರು ಭೂಮಿಯ ಮೇಲಿದೆ ಎಂದು ನನಗೆ ಖುಷಿಯೇ ಆಯಿತು.

ತಾಮ್ ಕೊಕ್ ಎಂದರೆ ಮೂರು ಗವಿ. ಙೊ ದೊಂಗ್ ಎಂಬ ಆಳವಿಲ್ಲದ ಹೊಳೆ ಮೂರು ಗುಡ್ಡಗಳ ಹೊಟ್ಟೆಯೊಳಗೆ ಹಾದುಹೋಗುತ್ತದೆ. ಮೊದಲನೆಯ ಗವಿಯ ಉದ್ದ 127 ಮೀಟರ್, ಉಳಿದೆರಡು ಅದರ ಅರ್ಧಕ್ಕೂ ಕಡಿಮೆ. ಮೇ ಕೊನೆಯಲ್ಲಿ ಹೋದದ್ದು ನಮ್ಮ ಪುಣ್ಯ, ಏಕೆಂದರೆ ಹೊಳೆಯ ಎರಡೂ ದಂಡೆಗೆ ಬತ್ತ ಹಣ್ಣಾಗಿ ಗುಡ್ಡದ ಬುಡದವರೆಗೂ ಹಳದಿ ಹಾಸಿತ್ತು. ಬಂಡೆಗಳ ಬುಡದಲ್ಲಿ ನೀರಿನ ಮಟ್ಟಕ್ಕಿಂತ ಮೇಲೆ ಅಡ್ಡಕ್ಕೆ ಕೊರೆದಂತೆ ಗೆರೆಗಳಿವೆ. ಕೆಲವು ಸಾವಿರ ವರ್ಷಗಳ ಹಿಂದೆ ಸಮುದ್ರ ಇಲ್ಲಿಯವರೆಗೆ ಬಂದು ಹಿಂದೆ ಸರಿದಾಗ ಉಳಿದ ಗುರುತು ಅದು. ಇದನ್ನೂ ಹ್ವಾ ಲುವನ್ನೂ ಪಕ್ಕದ ಟ್ರಾಂಗ್ ಆನ್ ಕಣಿವೆಗಳನ್ನೂ ಸೇರಿಸಿ 2014ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ತೆಗೆದುಕೊಂಡಿತು, ಅದೂ ಸಂಸ್ಕೃತಿ ಮತ್ತು ನಿಸರ್ಗ ಎರಡರ ಲೆಕ್ಕದಲ್ಲಿ. ಈ ಗವಿಗಳಲ್ಲಿ 30,000 ವರ್ಷಕ್ಕೂ ಹಿಂದೆ ಜನ ಬದುಕಿದ್ದ ಕುರುಹುಗಳಿವೆ.

ನಾನು ಮಾತ್ರ ಹೆಚ್ಚು ಹೊತ್ತು ನೋಡಿದ್ದು ಗುಡ್ಡವನ್ನಲ್ಲ, ನಮ್ಮ ದೋಣಿ ನಡೆಸಿದ ಹೆಂಗಸಿನ ಪಾದಗಳನ್ನು. ಐವತ್ತು ದಾಟಿರಬೇಕು. ಹಿಂದಕ್ಕೆ ಒರಗಿ ಕುಳಿತು ಎರಡೂ ಹುಟ್ಟುಗಳನ್ನು ಬರಿಗಾಲಿನಿಂದ ತುಳಿಯುತ್ತಿದ್ದಳು, ಸೈಕಲ್ ತುಳಿದಂತೆ. ಹಿಮ್ಮಡಿ ಹುಟ್ಟಿನ ಹಿಡಿಯನ್ನು ಒತ್ತುತ್ತದೆ, ಹೆಬ್ಬೆರಳು ಅದನ್ನು ಜಾರದಂತೆ ಹಿಡಿದು ಹಿಂದಕ್ಕೆ ತರುತ್ತದೆ. ಹಿಮ್ಮಡಿಯ ಚರ್ಮ ತೊಗಲಿನಂತೆ ದಪ್ಪವಾಗಿ ಹುಟ್ಟಿನ ಮರದ ಬಣ್ಣಕ್ಕೇ ತಿರುಗಿತ್ತು. ಕೈಗಳು ಬಿಡುವಾಗಿದ್ದುದರಿಂದ ಟೋಪಿ ಸರಿಮಾಡಿಕೊಂಡಳು, ಫೋನಿನಲ್ಲಿ ಯಾರಿಗೋ ಗದರಿದಳು, ಗವಿಯ ಮೇಲ್ಛಾವಣಿ ತಗ್ಗಿದಲ್ಲೆಲ್ಲ ನನ್ನ ತಲೆ ಮುಟ್ಟಿ ಬಗ್ಗಿಸಿದಳು.

ಮೂರನೆಯ ಗವಿ ದಾಟಿ ದೋಣಿ ತಿರುಗುವ ಜಾಗದಲ್ಲಿ ತಿಂಡಿ, ತಂಪು ಪಾನೀಯ ಮಾರುವ ದೋಣಿಗಳು ಕಾಯುತ್ತಿರುತ್ತವೆ. ನಿಮಗೆ ಬೇಡವೆಂದರೆ, "ನಿಮ್ಮ ದೋಣಿಯವಳಿಗೆ ಬಾಯಾರಿದೆ, ಅವಳಿಗೊಂದು ಕೊಡಿಸಿ" ಎನ್ನುತ್ತಾರೆ. ಕೊಡಿಸಿದ ಡಬ್ಬಿ ಆಮೇಲೆ ಅರ್ಧ ಬೆಲೆಗೆ ಅದೇ ಅಂಗಡಿಗೆ ಮರಳುತ್ತದೆ, ಮೋಸ ಹೋಗಬೇಡಿ ಎಂದು ನಾನು ಓದಿಕೊಂಡು ಹೋಗಿದ್ದೆ. ಹೆಂಡತಿಗೆ ಕನ್ನಡದಲ್ಲಿ ಎಚ್ಚರಿಕೆ ಹೇಳಿದೆ. "ಅವಳು ಕುಡೀಲಿ, ಮಾರ್ಲಿ, ಮನೆಗೆ ತಗೊಂಡು ಹೋಗ್ಲಿ, ನಿಮಗೇನು? ಎರಡು ಗಂಟೆ ನಿಮ್ಮನ್ನ ಕಾಲಲ್ಲಿ ತಳ್ತಾಳೆ" ಎಂದಳು. ಕೊಡಿಸಿದೆವು. ಹಿಂದಿರುಗುವ ದಾರಿಯಲ್ಲಿ ಆಕೆ ಕಾಲ ಬಳಿಯ ಪೆಟ್ಟಿಗೆ ತೆರೆದು ಕಸೂತಿಯ ಮೇಜುಬಟ್ಟೆಗಳನ್ನು ತೋರಿಸಿದಳು. ಅವಳ ವಾನ್ ಲಾಮ್ ಹಳ್ಳಿಗೆ ಕಸೂತಿಯೇ ಹಳೆಯ ಕಸುಬು. ಇಳಿಯುವ ಮೊದಲು "ಟಿಪ್" ಎಂಬ ಇಂಗ್ಲಿಷ್ ಶಬ್ದವನ್ನು ಎರಡು ಸಲ ಹೇಳಿದಳು.

ನನ್ನ ತಕರಾರು ಇರುವುದು ಇಲ್ಲಿ, ಮತ್ತು ಅದು ಅವಳ ಮೇಲಲ್ಲ. ದೋಣಿಯ ಸರದಿ ಹಳ್ಳಿಯ ಮನೆಗಳಿಗೆ ಹಂಚಿ ಬರುತ್ತದೆ, ದಿನವೂ ಬರುವುದಿಲ್ಲ ಎಂದು ಗೈಡ್ ಹೇಳಿದ್ದ. ನಾವು ಕೊಟ್ಟ ಪ್ಯಾಕೇಜ್ ದುಡ್ಡಿನಲ್ಲಿ ವ್ಯಾನು, ಬಫೆ, ನೀರಿನ ಬಾಟಲಿ ಎಲ್ಲಕ್ಕೂ ಲೆಕ್ಕವಿದೆ. ದಿನದ ಅತ್ಯಂತ ಕಷ್ಟದ ಕೆಲಸವನ್ನು ಮೈಯಿಂದ ಮಾಡಿದವಳ ಪಾಲಿನ ದೊಡ್ಡ ಭಾಗವನ್ನು ಮಾತ್ರ ನಮ್ಮ ಮರ್ಜಿಗೆ ಬಿಟ್ಟಿದ್ದಾರೆ. ಅದರಿಂದ ಅವಳು ಕೇಳಬೇಕು, ನಾವು ಅನುಮಾನಿಸಬೇಕು. ಅಷ್ಟು ಚೆಂದದ ಹೊಳೆಯ ಮೇಲೆ ಕೊನೆಯ ಇಪ್ಪತ್ತು ನಿಮಿಷ ನಾನು ಬತ್ತದ ಗದ್ದೆ ನೋಡಲಿಲ್ಲ, ಎಷ್ಟು ಕೊಟ್ಟರೆ ಮರ್ಯಾದೆ, ಎಷ್ಟು ಕೊಟ್ಟರೆ ಪೆದ್ದುತನ ಎಂದು ಲೆಕ್ಕ ಹಾಕುತ್ತ ಕುಳಿತಿದ್ದೆ. ಟಿಕೇಟಿನ ಬೆಲೆಯಲ್ಲಿಯೇ ಆಕೆಗೆ ಸಲ್ಲಬೇಕಾದ ಕೂಲಿಯನ್ನು ಪೂರ್ತಿ ಸೇರಿಸಿ, ಅದನ್ನು ಬರೆದು ಹಾಕಲಿ. ಅದಕ್ಕಾಗಿ ತಲೆಗೆ ಮುನ್ನೂರು ರೂಪಾಯಿ ಜಾಸ್ತಿಯಾದರೆ, ವಿಮಾನ ಹತ್ತಿ ಹೋದ ನಮ್ಮಂಥವರು ಮುಳುಗಿಹೋಗುವುದಿಲ್ಲ.

ಕೊನೆಗೆ 70,000 ಡಾಂಗ್ ಎಂದು ತೀರ್ಮಾನಿಸಿ, ಗವಿಯ ನೆರಳಿನಲ್ಲಿಯೇ ಒಂದು ಗುಲಾಬಿ ನೋಟು, ಒಂದು ನೀಲಿ ನೋಟು ಮಡಚಿ ಇಟ್ಟುಕೊಂಡಿದ್ದೆ. ಇಳಿಯುವಾಗ ಕೊಟ್ಟೆ. ಆಕೆ ಬಿಚ್ಚಿ ನೋಡದೆ ಸೊಂಟದ ಚೀಲಕ್ಕೆ ಹಾಕಿಕೊಂಡು ತಲೆಯಾಡಿಸಿ, ಮುಂದಿನ ದೋಣಿಗೆ ಜಾಗ ಬಿಡಲು ಆಗಲೇ ಹುಟ್ಟು ತಿರುಗಿಸಿದಳು.

ಮುವಾ ಗುಡ್ಡಕ್ಕೆ ಸುಮಾರು 500 ಮೆಟ್ಟಿಲು. ಮಧ್ಯಾಹ್ನ ಮೂರೂವರೆಯ ಬಿಸಿಲಿಗೆ ನಾನು ಎಪ್ಪತ್ತನೆಯದರಲ್ಲಿ ಕುಳಿತೆ. ಹೆಂಡತಿ ಮೇಲಿನ ಕಲ್ಲಿನ ಡ್ರ್ಯಾಗನ್‌ವರೆಗೂ ಹೋಗಿ ಬಂದಳು. ನಾವು ತೇಲಿದ ಹೊಳೆ ಅಲ್ಲಿಂದ ಹಳದಿ ಸೀರೆಯ ಮೇಲಿನ ಹಸಿರು ದಾರದಂತೆ ಕಂಡಿತಂತೆ. ಈ ಕೊನೆಯ ನಿಲುಗಡೆಯನ್ನು ಮಂಡಿ ಇಲ್ಲದವರಿಗೆ ಐಚ್ಛಿಕ ಮಾಡಿ, ಆ ಒಂದು ಗಂಟೆಯನ್ನು ಹ್ವಾ ಲುವಿಗೆ ಕೊಡಬಾರದೇ ಎಂದು ಗೈಡ್‌ಗೆ ಕೇಳಿದೆ. "ಫೋಟೋ ಇಲ್ಲಿಂದಲೇ ಚೆನ್ನಾಗಿ ಬರುವುದು, ಬುಕಿಂಗ್ ಆಗುವುದೂ ಈ ಫೋಟೋ ನೋಡಿಯೇ" ಎಂದ. ಅಷ್ಟು ನೇರವಾದ ಉತ್ತರಕ್ಕೆ ನಾನು ಏನೂ ಹೇಳಲಿಲ್ಲ.

ಹಿಂದಿರುಗುವಾಗ ವ್ಯಾನಿನಲ್ಲಿ ಹೆಂಡತಿ ಉಳಿದ ನೋಟು ಎಣಿಸಿದಳು. ಇಪ್ಪತ್ತು ಸಾವಿರದವು ಬೆಳಿಗ್ಗೆ ನಾಲ್ಕಿದ್ದವು, ಡಬ್ಬಿ ಕೊಡಿಸಿದ್ದು ಬೇರೆ ನೋಟಿನಿಂದ, ಈಗಲೂ ನಾಲ್ಕಿವೆ. ಐದು ಲಕ್ಷದ್ದು ಒಂದಿತ್ತು, ಈಗ ಇಲ್ಲ. ಮೂವತ್ತನಾಲ್ಕು ವರ್ಷದ ಸರ್ವಿಸಿನಲ್ಲಿ ಒಂದು ನೋಟು ಆಚೀಚೆ ಮಾಡದವನು ಐದೂವರೆ ಲಕ್ಷ ಡಾಂಗ್ ಕೊಟ್ಟು ಬಂದಿದ್ದೆ. ಮೊದಲ ಅರ್ಧ ಗಂಟೆ ನನ್ನ ಮೇಲೆ ನನಗೇ ಸಿಟ್ಟು ಬಂತು, ಆಕೆ ನೋಡಿಯೂ ಸುಮ್ಮನಿದ್ದಳೇನೋ ಎಂಬ ಸಣ್ಣತನವೂ ಬಂತು. ಗೈಡ್‌ಗೆ ಹೇಳಲು ನಾಚಿಕೆಯಾಯಿತು. ಬೆಳಿಗ್ಗೆ ಅವನು ತೋರಿಸಿದ ಪಾಠವೇ ಅದು. ಹೆಂಡತಿ ತನ್ನ ಖರ್ಚಿನ ಪುಸ್ತಕ ತೆಗೆದು, 'ದೋಣಿ, 1,850 ರೂ.' ಎಂದು ಬರೆದುಕೊಂಡಳು. ನಾನು ಅದರ ಮುಂದೆ 'ತಪ್ಪಿನಿಂದ' ಎಂದು ಸೇರಿಸಲು ಪೆನ್ನು ಕೇಳಿದೆ, ಕೊಡಲಿಲ್ಲ.