ಜಮೀನು ಯಾರು ತಗೊಂಡ್ರು ಅನ್ನೋದಕ್ಕಿಂತ ಹೊಲ ಹೊಲವಾಗೇ ಉಳೀತಾ ಅಂತ ಕೇಳಿ

2020ರಲ್ಲಿ ಕರ್ನಾಟಕದ ಭೂಸುಧಾರಣೆ ಕಾಯ್ದೆಯಲ್ಲಿ ಬೇಸಾಯದ ಜಮೀನು ಯಾರು ತಗೋಬಹುದು ಅಂತ ಕಟ್ಟು ಹಾಕಿದ್ದ 79ಎ, 79ಬಿ ಕಲಂ ತೆಗೆದಾಗ ಊರಲ್ಲಿ ನಮ್ಮವರೇ ಎರಡು ಪಾರ್ಟಿ ಆಗ್ಬಿಟ್ರು, ಇನ್ಮೇಲೆ ಯಾರು ಬೇಕಾದ್ರೂ ತಗೋಬಹುದು ಒಳ್ಳೆ ರೇಟ್ ಬರುತ್ತೆ ಅಂತ ಕೆಲವ್ರು, ದುಡ್ಡಿರೋರು ಎಲ್ಲಾ ನುಂಗಿ ಹಾಕ್ತಾರೆ ಅಂತ ಉಳಿದವ್ರು. ನಂಗೆ ಎರಡನೇವ್ರ ಭಯಾನೇ ಸರಿ ಅನ್ಸುತ್ತೆ. ಆದ್ರೆ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿದ್ದು ಇಲ್ಲಿನ ಪದ್ಧತಿ ನೋಡಿದ್ಮೇಲೆ ಒಂದು ಮಾತು ಹೇಳ್ಲೇಬೇಕು, ನಮ್ಮ ಹಳೇ ಕಾನೂನು ಕೇಳ್ತಿದ್ದಿದ್ದು ತಗೋಳೋನು ರೈತನಾ, ಬೇರೆ ಆದಾಯ 25 ಲಕ್ಷ ದಾಟುತ್ತಾ ಅಂತಷ್ಟೇ. ಆಮೇಲೆ ಹೊಲ ಲೇಔಟ್ ಆಗೋದು ಬಿಡೋದು ಡಿಸಿ ಕನ್ವರ್ಷನ್ (ಬೇಸಾಯದ ಜಮೀನನ್ನ ಬೇರೆ ಬಳಕೆಗೆ ಬದಲಿಸೋಕೆ ಜಿಲ್ಲಾಧಿಕಾರಿ ಕೊಡೋ ಅನುಮತಿ) ಫೈಲಿಗೆ ಬಿಟ್ಟ ವಿಷ್ಯ.

ಇಲ್ಲಿ ರೈತ ಜಮೀನು ಇಟ್ಕೊಂಡೇ ಅದ್ರ ಮೇಲೆ ಮನೆ, ಮಾಲ್ ಕಟ್ಟೋ ಹಕ್ಕನ್ನ ಮಾತ್ರ ಮಾರಬಹುದು. ಬಿಲ್ಡರ್‌ಗೆ ಕೊಟ್ಟಿದ್ರೆ ಎಷ್ಟು ಬರ್ತಿತ್ತು, ಬರೀ ಬೇಸಾಯದ ಜಮೀನಾದ್ರೆ ಎಷ್ಟು, ಆ ವ್ಯತ್ಯಾಸ ನೋಡಿ ರಾಜ್ಯ ಸರ್ಕಾರ, ಕೌಂಟಿ (ನಮ್ಮ ಜಿಲ್ಲೆ ಥರ) ಸೇರಿ ದುಡ್ಡು ಕೊಡ್ತವೆ, ಅದ್ರಲ್ಲಿ ಸಿಗರೇಟ್ ತೆರಿಗೆ ದುಡ್ಡೂ ಇದೆ. ಯಾರ ಬಲವಂತಾನೂ ಇಲ್ಲ. ಆದ್ರೆ ಒಂದ್ಸಲ ರಿಜಿಸ್ಟರ್ ಆಯ್ತು ಅಂದ್ರೆ ಮೊಮ್ಮಗ ಮಾರಿದ್ರೂ ತಗೊಂಡೋನು ಬೇಸಾಯಕ್ಕೇ ಇಟ್ಕೋಬೇಕು. 1988ರಿಂದ ನಡೀತಿರೋ ಈ ಯೋಜನೇಲಿ 6,000ಕ್ಕೂ ಹೆಚ್ಚು ಫಾರ್ಮ್, 6 ಲಕ್ಷ ಎಕರೆಗೂ ಜಾಸ್ತಿ ಉಳಿದಿದೆ. ಲ್ಯಾಂಕಾಸ್ಟರ್ ಕಡೆ ಹೋದ್ರೆ ಔಟ್‌ಲೆಟ್ ಮಾಲ್‌ಗಳಿಂದ ಸ್ವಲ್ಪ ದೂರದಲ್ಲೇ ಹಳೇ ಕಾಲದ ಥರಾನೇ ಬದುಕೋ ಆಮಿಶ್ ಅನ್ನೋ ಕ್ರೈಸ್ತ ಪಂಗಡದ ರೈತರು ಹೇಸರಗತ್ತೆ ಕಟ್ಟಿ ಉಳ್ತಿರ್ತಾರೆ, ಸರ್ಕಾರದ ದುಡ್ಡು ಬೇಡ ಅನ್ನೋ ಅವ್ರಿಗೆ ಅಂತಾನೇ ಖಾಸಗಿ ಟ್ರಸ್ಟ್ ಕೂಡ ಇದೆ.

ಬೇಟೆ ವಿಷ್ಯದಲ್ಲೂ ಹೀಗೇ, ಹಕ್ಕು ಇದೆ ಆದ್ರೆ ಇಷ್ಟಕ್ಕೇ ಅಂತ ಗೆರೆ ಹಾಕ್ತಾರೆ. ಅಮೆರಿಕದ್ದೇ ಇನ್ನೊಂದು ರಾಜ್ಯ ಅರಿಜೋನಾದಲ್ಲಿ ಲೈಸೆನ್ಸ್ ಇದ್ರೂ 2022ರ ಜನವರಿಯಿಂದ ಟ್ರೇಲ್ ಕ್ಯಾಮೆರಾ (ಪ್ರಾಣಿ ಮುಂದೆ ಬಂದ್ರೆ ತಾನೇ ಫೋಟೋ ತೆಗೆಯೋದು) ಇಟ್ಟು ಪ್ರಾಣಿ ಹುಡುಕಿ ಹೊಡೆಯಂಗಿಲ್ಲ. ಮಳೆ ಕಮ್ಮಿ ಇರೋ ಸೀಮೆ, ನೀರು ಕುಡಿಯೋಕೆ ಬರೋ ಪ್ರಾಣಿಗೆ ಬೇರೆ ದಾರಿ ಇಲ್ಲ, ಅಲ್ಲೇ ಸಾಲಾಗಿ ಕ್ಯಾಮೆರಾ ಕಟ್ಟಿದ್ರೆ ಅದು ಬೇಟೆನೇ ಅಲ್ಲ ಅನ್ನೋದು ವಾದ, ನಾನಂತೂ ಒಪ್ತೀನಿ. ನಮ್ಮಲ್ಲಿ 1972ರ ಕಾಯ್ದೆ ಬೇಟೇನೇ ನಿಲ್ಲಿಸಿದೆ, ನಾಗರಹೊಳೇಲಿ ಇಂಥ ಕ್ಯಾಮೆರಾ ಇಡೋದು ಹುಲಿ ಎಣಿಸೋಕೆ, ಇದ್ರಲ್ಲಿ ನಾವೇ ಮುಂದೆ.

ಜಮೀನಲ್ಲಿ ಮಾತ್ರ ಹಿಂದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿ ರೈತರು ಸಾವಿರ ದಿನಕ್ಕೂ ಹೆಚ್ಚು ಧರಣಿ ಕೂತಿದ್ದಕ್ಕೆ 2025ರ ಜುಲೈನಲ್ಲಿ ಸರ್ಕಾರದವ್ರು 1,777 ಎಕರೆ ಭೂಸ್ವಾಧೀನ ಕೈಬಿಟ್ರು, ದೊಡ್ಡ ಗೆಲುವು ಅದು. ಆದ್ರೆ ಮನೇಲಿ ಮದುವೆ, ಆಸ್ಪತ್ರೆ, ಸಾಲ ಅಂತ ಬಂದಾಗ ಅದೇ ರೈತನ ಮುಂದೆ ದುಡ್ಡು ಹಿಡ್ಕೊಂಡು ನಿಲ್ಲೋನು ಲೇಔಟ್‌ನವ್ನು ಒಬ್ನೇ, ಅಲ್ಲಿ ಸರ್ಕಾರಾನೂ ನಿಲ್ಬೇಕು. ನಮ್ಮದು ಒಂದೆರಡು ಎಕರೆ ಹಿಡುವಳಿ, ಅದಾಗಲ್ಲ ಅಂತೀರಾ? ಪೆನ್ಸಿಲ್ವೇನಿಯಾದಲ್ಲೂ ಮೊದಲು ರೈತರು ಜಮೀನು ಸೇರಿಸಿ ಕಮ್ಮಿ ಅಂದ್ರೂ 250 ಎಕರೆಯ ಕೃಷಿ ವಲಯ ಮಾಡ್ಕೋಬೇಕು, ನಮ್ಮಲ್ಲಿ ಒಂದು ಗ್ರಾಮ ಪಂಚಾಯ್ತಿ ಮನಸ್ಸು ಮಾಡಿದ್ರೆ ಅಷ್ಟು ಸೇರಿಸೋದು ಕಷ್ಟ ಅಲ್ಲ.