ನೂರೆಂಟು ರೀ, ನೂರೆಂಟು!

ಬೆಳಗಿನ ವಾಕಿಂಗಿನಲ್ಲಿ ನನಗೆ ಕಂಡರಾಗದ ಒಂದು ಬಗೆಯ ಜನರಿದ್ದಾರೆ. ಮಾತು ರಂಗೇರಿದ ಕೂಡಲೇ ನಡಿಗೆ ನಿಲ್ಲಿಸುವವರು. ತಾವು ನಿಲ್ಲುವುದಷ್ಟೇ ಅಲ್ಲ, ನಮ್ಮ ಮುಂಗೈ ಹಿಡಿದು ನಮ್ಮನ್ನೂ ನಿಲ್ಲಿಸುತ್ತಾರೆ. ನಮ್ಮ ಬಡಾವಣೆಯ ನಿವೃತ್ತ ಇಂಜಿನಿಯರ್ ರಾಯರು ಈ ಪೈಕಿ. ಮೊನ್ನೆ ಪಾರ್ಕಿನ ಬೇವಿನ ಮರದ ಕೆಳಗೆ ನನ್ನ ಕೈ ಹಿಡಿದು, ಹಿಂದೆ ಬರುತ್ತಿದ್ದ ಹೆಂಗಸರೆಲ್ಲ ಬೈದುಕೊಳ್ಳುತ್ತ ಹುಲ್ಲಿನ ಮೇಲೆ ಇಳಿದು ಹೋಗುವಂತೆ ಮಾಡಿ, "ನೂರೆಂಟು ರೀ, ನೂರೆಂಟು!" ಎಂದರು.

ಆಂಬುಲೆನ್ಸ್ ಬೇಕಾಯಿತೇನೋ ಎಂದು ನಾನು ಜೇಬಿನ ಫೋನಿಗೆ ಕೈ ಹಾಕಿದೆ.

ವಿಷಯ ಅದಾಗಿರಲಿಲ್ಲ. ಭೂಮಿಗೂ ಸೂರ್ಯನಿಗೂ ನಡುವೆ ಸೂರ್ಯನಂಥ ನೂರೆಂಟು ಗೋಲಗಳನ್ನು ಸಾಲಾಗಿ ಇಡಬಹುದಂತೆ. ಭೂಮಿಗೂ ಚಂದ್ರನಿಗೂ ನಡುವೆ ಚಂದ್ರನಂಥವು ನೂರೆಂಟು. ಸೂರ್ಯನ ಅಡ್ಡಗಲಕ್ಕೆ ಭೂಮಿಗಳನ್ನು ಜೋಡಿಸಿದರೆ ಅಲ್ಲಿಯೂ ನೂರೆಂಟು. ಜಪಮಾಲೆಗೆ ಮಣಿ ಎಷ್ಟು? "ಇದೆಲ್ಲ ತಾನೇ ತಾನಾಗಿ ಆದದ್ದು ಅಂತೀರಾ? ಮಾಡಿಟ್ಟವನು ಒಬ್ಬ ಬೇಡವಾ?" ಕೈ ಬಿಡುವ ಲಕ್ಷಣ ಕಾಣಲಿಲ್ಲ. "ಇರಬಹುದು ರಾಯರೇ" ಎಂದೆ. ಬಿಪಿ ಮಾತ್ರೆ ನುಂಗುವವರ ಪಾಲಿಗೆ ಅದಕ್ಕಿಂತ ದೊಡ್ಡ ತತ್ವಶಾಸ್ತ್ರವಿಲ್ಲ.

ಮನೆಗೆ ಬಂದು ಕ್ಯಾಲ್ಕುಲೇಟರ್ ತೆಗೆದೆ. ಸೂರ್ಯನ ವ್ಯಾಸ ಸುಮಾರು 13.92 ಲಕ್ಷ ಕಿಲೋಮೀಟರ್, ದೂರ ಸರಾಸರಿ 14.96 ಕೋಟಿ. ಭಾಗಿಸಿದರೆ 107.5. ಹೋಗಲಿ, ಒಪ್ಪೋಣ. ಚಂದ್ರನ ವ್ಯಾಸ 3,474, ದೂರ ಸರಾಸರಿ 3,84,400. ಭಾಗಿಸಿದರೆ 110.6. ಅದೂ ಸರಾಸರಿ ಹಿಡಿದರೆ. ಚಂದ್ರ ಒಂದೇ ದೂರದಲ್ಲಿ ಕೂತಿರುವ ಆಸಾಮಿಯಲ್ಲ. ತಿಂಗಳೊಳಗೇ ಹತ್ತಿರ ಬಂದು ದೂರ ಹೋಗುತ್ತಾನೆ, ರಾಯರ ಸಂಖ್ಯೆ 103ರಿಂದ 117ರವರೆಗೆ ಓಲಾಡುತ್ತದೆ. ಸೂರ್ಯನ ಅಡ್ಡಗಲಕ್ಕೆ ಭೂಮಿಗಳು 109. ಈ ಮನುಷ್ಯ ಕೆಲಸದಲ್ಲಿದ್ದಾಗ ಸೇತುವೆ ಕಟ್ಟಿಸಿದವರು. 110.6 ಬಂದ ಕಡೆ 108 ಎಂದು ಬರೆದುಕೊಳ್ಳುವುದು ಅವರ ಹಳೆಯ ಅಭ್ಯಾಸವೇ ಆಗಿದ್ದರೆ, ಆ ಹಳ್ಳಗಳನ್ನು ದಾಟುವ ಬಸ್ಸುಗಳನ್ನು ಇಷ್ಟು ವರ್ಷ ಕಾಯ್ದವನು ದೇವರೇ ಇರಬೇಕು. ಆ ಸಾಕ್ಷಿಯನ್ನು ನಾನು ಒಪ್ಪುತ್ತೇನೆ.

ಇನ್ನೊಂದು ತಕರಾರು. ಸೂರ್ಯ, ಚಂದ್ರ ಇಬ್ಬರೂ ಆಕಾಶದಲ್ಲಿ ನಮಗೆ ಒಂದೇ ಗಾತ್ರ ಕಾಣುತ್ತಾರೆ. ಸೂರ್ಯ ನಾನೂರು ಪಟ್ಟು ದೊಡ್ಡವನು, ಹೆಚ್ಚುಕಡಿಮೆ ಅಷ್ಟೇ ಪಟ್ಟು ದೂರದವನು. ಗಾತ್ರ ಒಂದೇ ಕಂಡ ಮೇಲೆ ಇಬ್ಬರಿಗೂ ದೂರವನ್ನು ವ್ಯಾಸದಿಂದ ಭಾಗಿಸಿದರೆ ಒಂದೇ ಉತ್ತರ ಬರಲೇಬೇಕಲ್ಲ! ಅಂದರೆ ರಾಯರ ಮೊದಲಿನ ಎರಡು ನೂರೆಂಟುಗಳಲ್ಲಿ ಇರುವುದು ಒಂದೇ ಆಕಸ್ಮಿಕ. ಎರಡು ಬಿಲ್ ಮಾಡಿದ್ದಾರೆ, ಅಷ್ಟೇ.

ಆದರೂ ಆ ಒಂದು ಆಕಸ್ಮಿಕವನ್ನು ತಳ್ಳಿಹಾಕಲು ನನಗೂ ಮನಸ್ಸಿಲ್ಲ. ಅದಿಲ್ಲದಿದ್ದರೆ ಖಗ್ರಾಸ ಸೂರ್ಯಗ್ರಹಣ ಈಗ ಕಾಣುವ ಹಾಗೆ ಕಾಣುತ್ತಿರಲಿಲ್ಲ. ಚಂದ್ರ ಚಿಕ್ಕವನಾಗಿದ್ದರೆ ಸೂರ್ಯ ಪೂರ್ತಿ ಮುಚ್ಚುತ್ತಿರಲಿಲ್ಲ. ತೀರ ದೊಡ್ಡವನಾಗಿದ್ದರೆ ಸೂರ್ಯನ ಅಂಚಿನಲ್ಲಿ ಏಳುವ ಕೆಂಪು ಜ್ವಾಲೆಗಳೂ ಅವನ ಹಿಂದೆಯೇ ಅಡಗುತ್ತಿದ್ದವು. 1868ರ ಆಗಸ್ಟ್ 18ರ ಗ್ರಹಣದಲ್ಲಿ ಆ ಜ್ವಾಲೆಗಳ ಬೆಳಕನ್ನು ಬಣ್ಣಗಳಾಗಿ ಒಡೆದು ನೋಡಲು ಗುಂಟೂರಿಗೆ ಫ್ರಾನ್ಸಿನಿಂದ ಖಗೋಳ ವಿಜ್ಞಾನಿ ಜಾನ್ಸೆನ್ ಬಂದಿದ್ದರು. ನಮ್ಮ ಜಮಖಂಡಿಯಲ್ಲಿ ದುರ್ಬೀನು ಹೂಡಿ ಕೂತವರು ಲೆಫ್ಟಿನೆಂಟ್ ಜಾನ್ ಹರ್ಷೆಲ್, ಯುರೇನಸ್ ಗ್ರಹವನ್ನು ಕಂಡುಹಿಡಿದವರ ಮೊಮ್ಮಗ. ಶ್ರಾವಣದ ಮೋಡ ಅವರ ಜೀವ ಹಿಂಡಿತು. ಮೋಡ ಸರಿದ ಸಂದಿಯಲ್ಲೇ ಬಣ್ಣದ ಗೆರೆಗಳನ್ನು ಹಿಡಿದರು. ಆ ವರ್ಷ ಕಂಡ ಹಳದಿ ಗೆರೆಯೊಂದರ ಜಾಡಿನಲ್ಲೇ ಹೀಲಿಯಂಗೆ ಹೆಸರು ಬಂದದ್ದು; ಅದೇ ಅನಿಲ ಭೂಮಿಯ ಮೇಲೆ ಕೈಗೆ ಸಿಕ್ಕದ್ದು 1895ರಲ್ಲಿ. ಇದನ್ನೆಲ್ಲ ಕಂಡು, ಮನುಷ್ಯ ನೋಡಿ ಕಲಿಯಲಿ ಎಂದೇ ದೇವರು ಈ ಎರಡು ಬಿಲ್ಲೆಗಳನ್ನು ಅಳತೆ ಮಾಡಿ ಇಟ್ಟಿದ್ದಾನೆ ಎನ್ನುವ ಪಂಡಿತರು ಅಮೆರಿಕದಲ್ಲಿದ್ದಾರೆ. ರಾಯರು ಒಂಟಿಯಲ್ಲ.

ನೋಡಲಿ ಎಂದು ಇಟ್ಟಿದ್ದಾನೆ, ಸರಿ. ನಾವು ನೋಡಿದೆವೇ?

1980ರ ಫೆಬ್ರವರಿ 16. ಕಾರವಾರ, ಹುಬ್ಬಳ್ಳಿ, ಗದಗ, ರಾಯಚೂರಿನ ಮೇಲೆ ಹಾದುಹೋದ ಖಗ್ರಾಸ ಗ್ರಹಣ. ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬೆಂಗಳೂರಿನ ಖಭೌತ ವಿಜ್ಞಾನಿಗಳು ಡೇರೆ ಹಾಕಿದ್ದರು. ಗದಗದ ನಮ್ಮ ಓಣಿಯಲ್ಲಿ ಡೇರೆ ಹಾಕಿದ್ದವಳು ನಮ್ಮಜ್ಜಿ. ಅಂದು ಶನಿವಾರ, ಅಮಾವಾಸ್ಯೆ, ಅದರ ಮೇಲೆ ಗ್ರಹಣ. ಮೂರೂ ಒಟ್ಟಿಗೆ ಬಿದ್ದದ್ದು ಆಕಸ್ಮಿಕ ಎಂದು ಯಾರಾದರೂ ಹೇಳಿದ್ದರೆ ಅವಳು ಲಟ್ಟಣಿಗೆ ತೆಗೆದುಕೊಳ್ಳುತ್ತಿದ್ದಳು. "ಹೊರಗ ಕಾಲಿಟ್ಟರ ಕಾಲ ಮುರೀತೀನಿ" ಎಂದು ಮಕ್ಕಳನ್ನೆಲ್ಲ ನಡುಮನೆಗೆ ತುಂಬಿದಳು. ಹಾಲು, ಮೊಸರು, ಉಪ್ಪಿನಕಾಯಿ ಭರಣಿ, ಕುಡಿಯುವ ನೀರಿನ ಹಂಡೆ, ಎಲ್ಲದಕ್ಕೂ ದರ್ಬೆ ಬಿತ್ತು. ಉಳಿದ ಒಂದೆಸಳನ್ನು ಕಾಕಾನ ನಶ್ಯದ ಡಬ್ಬಿಯ ಮೇಲಿಟ್ಟಳು. ಮಾಳಿಗೆಯ ಗವಾಕ್ಷಿಗೆ ಹಳೆಯ ತಗಡು ಮುಚ್ಚಿಸಿದಳು.

ಕಾಕಾ ಮಾತ್ರ ಓಣಿಯಲ್ಲೇ ಇದ್ದ. ಅವನ ಕಡೆ ಒಂದು ಎಕ್ಸ್‌ರೇ ಹಾಳೆ ಇತ್ತು. ಇತ್ತು ಎನ್ನುವುದಕ್ಕಿಂತ, ಹಿಟ್ಟಿನ ಗಿರಣಿಯವರ ಮನೆಯಿಂದ ತಂದಿದ್ದ. ಗಿರಣಿ ಮಾಲೀಕರು ಹಿಂದಿನ ದೀಪಾವಳಿಗೆ ಮೆಟ್ಟಿಲಿಂದ ಜಾರಿ ಮೊಣಕಾಲು ಮುರಿದುಕೊಂಡಿದ್ದರು. ಒಂದೇ ಹಾಳೆ, ನೋಡುವವರು ಓಣಿ ತುಂಬ. ಜಗಳವಾಯಿತು. ಪಂಚಾಯಿತಿಯಾಗಿ, ದರ್ಜಿಯ ಕತ್ತರಿಯಿಂದ ಹಾಳೆಯನ್ನು ಪಾಲು ಮಾಡುವುದೆಂದು ತೀರ್ಮಾನವಾಯಿತು. ಕಾಕಾನಿಗೆ ಮೊಣಕಾಲ ಚಿಪ್ಪು ಬಂತು. ದರ್ಜಿಗೆ ತೊಡೆಯ ಎಲುಬು. ಪ್ರಾಥಮಿಕ ಶಾಲೆಯ ಮಾಸ್ತರರಿಗೆ ಕೆಳಗಿನ ನಳಿಯೆಲುಬು, ಅದರಲ್ಲೂ ಬಿರುಕು ಇದ್ದ ಭಾಗ. ಗಿರಣಿ ಮಾಲೀಕರಿಗೇ ಸಿಕ್ಕದ್ದು ಬರೀ ಕಪ್ಪು ಅಂಚು. ಆದರೆ ಅಲ್ಲಿ ಎಲುಬಿಲ್ಲದ್ದರಿಂದ ಸೂರ್ಯ ಚೆನ್ನಾಗಿ ಕಾಣುತ್ತಾನೆಂದು ಅವರು ಖುಷಿಯಲ್ಲೇ ಇದ್ದರು. ಎಕ್ಸ್‌ರೇ ಹಾಳೆ ಕಣ್ಣಿಗೆ ರಕ್ಷಣೆಯಲ್ಲ, ಅದರ ಮೂಲಕ ಸೂರ್ಯನನ್ನು ನೋಡಲೇಬಾರದು ಎನ್ನುತ್ತಾರೆ ಈಗಿನ ತಿಳಿದವರು. ಆಗಿನ ತಿಳಿದವರು ಮಾಸ್ತರರೇ, ಅವರು ನಳಿಯೆಲುಬು ಹಿಡಿದು ನಿಂತಿದ್ದರು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಮುಂದಿನ ತಿಂಗಳು ಹುಬ್ಬಳ್ಳಿಯ ಎಲುಬಿನ ಡಾಕ್ಟರು, ಹಳೆಯ ಎಕ್ಸ್‌ರೇ ತಂದರೆ ಹೊಸದರ ಜೊತೆ ಹೋಲಿಸಬಹುದಿತ್ತು ಎಂದರಂತೆ. ಗಿರಣಿಯವರ ಹೆಂಡತಿ ಮನೆ ಮನೆ ತಿರುಗಿ ಗಂಡನ ಕಾಲನ್ನು ವಸೂಲು ಮಾಡಿದರು. ಕಾಕಾ ಚಿಪ್ಪು ಕೊಟ್ಟ. ದರ್ಜಿ ತನ್ನ ಪಾಲನ್ನು ಅಂಗಿ ಕಾಲರಿನ ಮಾದರಿಗೆ ಕತ್ತರಿಸಿಬಿಟ್ಟಿದ್ದ, ಉಳಿದಷ್ಟು ಕೊಟ್ಟ. ಮಾಸ್ತರರು ಮಾತ್ರ ಬಿಡಲಿಲ್ಲ. "ಇನ್ನೊಂದು ಗ್ರಹಣ ಬಂದರ?" ಎಂದರು. ಆ ಹೆಣ್ಣುಮಗಳು ಅಂಗಳದಲ್ಲಿ ನಿಂತು ಮಾಸ್ತರರ ವಂಶಾವಳಿಯನ್ನೆಲ್ಲ ಬಿಡಿಸಿ ಹೇಳಿದರೂ ಆ ಬಿರುಕು ಬಿಟ್ಟ ಎಲುಬು ಹಿಂದಿರುಗಲಿಲ್ಲ. ಮುಂದೆ ಗಿರಣಿ ಮಾಲೀಕರು ಕುಂಟುವುದನ್ನು ಕಂಡಾಗಲೆಲ್ಲ ಅಜ್ಜಿ, "ಗ್ರಹಣದ ದ್ವಾಷ" ಎನ್ನುತ್ತಿದ್ದಳು. ಪೂರ್ತಿ ಸುಳ್ಳಲ್ಲ.

ನಡುಮನೆಯೊಳಗೆ ನಡೆದದ್ದು ಹೇಳುತ್ತೇನೆ. ಗವಾಕ್ಷಿಯ ತಗಡಿಗೆ ಒಂದು ಮೊಳೆಯ ತೂತಿತ್ತು. ಮೂರು ಗಂಟೆಯ ಸುಮಾರಿಗೆ ಆ ತೂತಿನಿಂದ ಓರೆಯಾಗಿ ಇಳಿದ ಬಿಸಿಲು ಗೋಡೆಗೆ ಒರಗಿಸಿದ್ದ ಜೋಳದ ಚೀಲದ ಮೇಲೆ ಬಿತ್ತು. ರೂಪಾಯಿ ನಾಣ್ಯದಷ್ಟಿದ್ದ ಬಿಲ್ಲೆ ದುಂಡಗಿರಲಿಲ್ಲ, ಒಂದು ಕಡೆ ಕಚ್ಚಿದ ಹಾಗಿತ್ತು. ನೋಡನೋಡುತ್ತ ಕುಡುಗೋಲಾಯಿತು. ಚೀಲದ ಸೆಣಬಿನ ಎಳೆ ಎಳೆಯ ಮೇಲೂ ಅದರ ಅಂಚು ಕಾಣುತ್ತಿತ್ತು. ಬಾಗಿಲು ಹಾಕಿ, ಅಗುಳಿ ಬಡಿದು, ತಗಡು ಮುಚ್ಚಿ ಯಾರನ್ನು ಹೊರಗಿಟ್ಟಿದ್ದೆವೋ ಅವನೇ ಒಳಗೆ ಬಂದು ಚೀಲದ ಮೇಲೆ ಕೂತಿದ್ದ. ಅಜ್ಜಿಯೂ ನೋಡಿದಳು. ಒಂದು ಗಳಿಗೆ ಸುಮ್ಮನಿದ್ದು, ಅದರ ಮೇಲೂ ಒಂದು ದರ್ಬೆ ಎಸೆದಳು. ಕುಡುಗೋಲು ದರ್ಬೆಯ ಮೇಲೇರಿ ಕೂತಿತು. ಮೂರೂವರೆ ದಾಟಿದ ಮೇಲೆ ಅದು ನೂಲಾಗಿ, ಹರಿದುಹೋಯಿತು. ಹೊರಗೆ ಕಾಕಾನ ಸಿಳ್ಳೆ ಕೇಳಿಸಿತು, ಕಾಗೆಗಳು ಕೂಗಿದವು, ನಾವು ಕತ್ತಲಲ್ಲಿ ಒಬ್ಬರನ್ನೊಬ್ಬರು ಚಿವುಟಿದೆವು. ಎರಡೂವರೆ ನಿಮಿಷದ ಆಸುಪಾಸು. ಆಮೇಲೆ ತಣ್ಣೀರು ಸ್ನಾನ.

ಆ ತೂತಿನಿಂದ ಚೀಲಕ್ಕಿದ್ದ ದೂರವನ್ನು ಬಿಲ್ಲೆಯ ಪೂರ್ತಿ ಅಗಲದಿಂದ ಭಾಗಿಸಿದ್ದರೆ ನೂರೆಂಟರ ಹತ್ತಿರವೇ ಬರುತ್ತಿತ್ತು. ಆಗ ಯಾರಿಗೂ ಹೊಳೆಯಲಿಲ್ಲ, ಇಲ್ಲದಿದ್ದರೆ ಆ ಜೋಳವನ್ನು ರೊಟ್ಟಿ ಮಾಡಿ ತಿನ್ನಲು ಅಜ್ಜಿ ಬಿಡುತ್ತಿರಲಿಲ್ಲ.

ಈ ಆಟಕ್ಕೆ ಅವಧಿಯೂ ಇದೆ. ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಸರಿಯುತ್ತಿದ್ದಾನೆ. 1969ರಲ್ಲಿ ಅಪೊಲೊ ಯಾತ್ರಿಗಳು ಅಲ್ಲಿಟ್ಟು ಬಂದ ಪ್ರತಿಫಲಕಕ್ಕೆ ಲೇಸರ್ ಹೊಡೆದು ಅಳೆದ ಮಾತಿದು. ಇನ್ನು ಸುಮಾರು ಅರವತ್ತು ಕೋಟಿ ವರ್ಷಕ್ಕೆ ಖಗ್ರಾಸ ಗ್ರಹಣ ಬಂದ್. ಈಗಲೂ ದೂರವಿದ್ದಾಗ ಅವನು ಸಾಲುವುದಿಲ್ಲ. 2019ರ ಡಿಸೆಂಬರ್ 26ರಂದು ಮಂಗಳೂರು, ಕಾಸರಗೋಡಿನವರು ಕಂಡದ್ದು ಸುತ್ತ ಬಳೆ ಉಳಿದ ಕಂಕಣ ಗ್ರಹಣ. ಅಂದೇ ಕಲಬುರ್ಗಿ ಸಮೀಪದ ಹಳ್ಳಿಯೊಂದರಲ್ಲಿ, ಅಂಗವೈಕಲ್ಯ ವಾಸಿಯಾಗುತ್ತದೆಂದು ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಲ್ಲಿ ಹೂತಿದ್ದರು. ಪತ್ರಿಕೆಯಲ್ಲಿ ಆ ಚಿತ್ರ ನೋಡಿದ ದಿನ ನನಗೆ ಊಟ ಸೇರಲಿಲ್ಲ, ಗ್ರಹಣದ ಶಾಸ್ತ್ರಕ್ಕಲ್ಲ. ನಮ್ಮ ರಾಯರು ಏನು ಮಾಡುತ್ತಿದ್ದರು ಬಲ್ಲಿರಾ? ಕಿಟಕಿಗೆ ಪರದೆ ಎಳೆದು ಹನ್ನೊಂದರವರೆಗೆ ಒಳಗೇ ಕೂತಿದ್ದರು. ಕಾಫಿಯೂ ಇಲ್ಲ. ದೇವರು ನೂರೆಂಟು ಗೋಲ ಅಳೆದು ಸಿದ್ಧಮಾಡಿದ ಪ್ರದರ್ಶನಕ್ಕೆ ಅವನ ಮುಖ್ಯ ಸಾಕ್ಷಿದಾರರೇ ಗೈರುಹಾಜರು!

ಹಾಗೆಂದು ಎದುರು ಪಕ್ಷದವರು ನನ್ನ ನೆಂಟರು ಎಂದುಕೊಳ್ಳಬೇಡಿ. ನೆಂಟನೊಬ್ಬನಿದ್ದಾನೆ ನಿಜ, ಬೆಂಗಳೂರಿನ ಅಳಿಯ, ಕಂಪ್ಯೂಟರ್ ಕೆಲಸ. ಅವನಿಗೆ ಕಾರ್ಬನ್ನಿನ ಕಥೆ ಹೇಳಿದೆ. ನಕ್ಷತ್ರದ ಒಡಲಲ್ಲಿ ಮೂರು ಹೀಲಿಯಂ ಪರಮಾಣು ಬೀಜಗಳು ಸೇರಿ ಕಾರ್ಬನ್ ಆಗಬೇಕಾದರೆ ಅದರಲ್ಲಿ ಒಂದು ನಿರ್ದಿಷ್ಟ ಶಕ್ತಿಯ ಮಟ್ಟ ಇರಲೇಬೇಕು, ಇಲ್ಲದಿದ್ದರೆ ನಾವ್ಯಾರೂ ಇರುತ್ತಿರಲಿಲ್ಲ ಎಂದು ಇಂಗ್ಲೆಂಡಿನ ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್ 1953ರಲ್ಲಿ ಅಮೆರಿಕದ ಪ್ರಯೋಗಾಲಯದವರಿಗೆ ದುಂಬಾಲು ಬಿದ್ದರು. ಹುಡುಕಿದರು, ಹಾಯ್ಲ್ ಹೇಳಿದ ಕಡೆಯೇ, 7.65 ಎಂಇವಿಯ (ಪರಮಾಣು ಬೀಜದ ಶಕ್ತಿ ಅಳೆಯುವ ಮಾನ) ಹತ್ತಿರ, ಸಿಕ್ಕಿತು. ದೇವರು ದಿಂಡರು ಎಂದರೆ ಮೂಗು ಮುರಿಯುತ್ತಿದ್ದ ಆ ಮನುಷ್ಯ, ಕೊನೆಗೆ ಯಾವುದೋ ಮಹಾಬುದ್ಧಿ ಭೌತಶಾಸ್ತ್ರದಲ್ಲಿ ಕೈಯಾಡಿಸಿದೆ ಎಂದು ಬರೆದರು. ಅಳಿಯ ಊಟದ ತಟ್ಟೆಯಿಂದ ತಲೆ ಎತ್ತದೆ, "ಕೋಟ್ಯಂತರ ವಿಶ್ವಗಳಿವೆ ಮಾವ, ಒಂದರಲ್ಲಿ ಲೆಕ್ಕ ಸರಿಹೋಗಿದೆ, ಅಷ್ಟೇ" ಎಂದ. ಒಬ್ಬ ದೇವರನ್ನು ತಪ್ಪಿಸಿಕೊಳ್ಳಲು ಕೋಟ್ಯಂತರ ವಿಶ್ವ! ಅವನ್ನು ನೋಡಿದವರು ಯಾರು ಎಂದರೆ ಉಪ್ಪಿನಕಾಯಿ ಕೇಳಿದ.

ಸಂಖ್ಯೆಯ ಹುಚ್ಚು ಹಿಡಿಯಲು ರಾಯರೇ ಆಗಬೇಕಿಲ್ಲ. 1919ರ ಗ್ರಹಣದಲ್ಲಿ ನಕ್ಷತ್ರಗಳ ಚಿತ್ರ ತೆಗೆದು ಐನ್‌ಸ್ಟೈನರ ಸಿದ್ಧಾಂತವನ್ನು ಗೆಲ್ಲಿಸಿದ ಖಗೋಳ ವಿಜ್ಞಾನಿ ಎಡಿಂಗ್ಟನ್, ಪರಮಾಣು ಜಗತ್ತಿನ ಒಂದು ಸ್ಥಿರಾಂಕ 136 ಆಗಲೇಬೇಕೆಂದು ಬರೀ ತರ್ಕದಿಂದ ಸಾಧಿಸಿದರು. ಪ್ರಯೋಗಗಳು 137ರ ಕಡೆ ವಾಲಿದವು. ಎಡಿಂಗ್ಟನ್ ಮತ್ತೆ ತರ್ಕಕ್ಕೆ ಕೂತು 137 ಆಗಲೇಬೇಕೆಂದು ಸಾಧಿಸಿದರು. ಅವರ ಹೆಸರನ್ನೇ "ಆಡಿಂಗ್-ವನ್" ಎಂದು ತಿರುಚಿ, "ಒಂದು ಕೂಡಿಸುವ ಸಾಹೇಬರು" ಎಂದು ಇಂಗ್ಲೆಂಡಿನವರು ನಕ್ಕರಂತೆ. ರಾಯರು ಎರಡೂವರೆ ಕಳೆಯುತ್ತಾರೆ. ಇವರ ನಡುವೆ ದೇವರ ಗತಿ ಏನು ಎಂದು ಯೋಚಿಸುತ್ತ ಕೂತಾಗಲೆಲ್ಲ ಯಾರಾದರೂ ಕಸದ ಗಾಡಿ ಬಂತೆಂದು ಎಬ್ಬಿಸುತ್ತಾರೆ.

ಭಾರತದ ನೆಲದ ಮೇಲೆ ಮುಂದಿನ ಖಗ್ರಾಸ ಗ್ರಹಣ 2034ರ ಮಾರ್ಚ್ 20ರ ಸಂಜೆ, ಕಾಶ್ಮೀರ-ಲಡಾಖ್ ಕಡೆ. ಹೋಗಿಯೇ ತೀರುತ್ತೇನೆಂದು ಮನೆಯಲ್ಲಿ ಘೋಷಿಸಿದೆ. ಹೆಂಡತಿ ಲೆಕ್ಕ ಹಾಕಿದಳು. ಅಂದು ಅಮಾವಾಸ್ಯೆ, ಹಾಗಾದರೆ ಮರುದಿನ ಯುಗಾದಿ. ಬೇವುಬೆಲ್ಲದ ಹೊತ್ತಿಗೆ ಮನೆಯ ಯಜಮಾನ ಕಾರ್ಗಿಲ್‌ನಲ್ಲಿ ಇರುವುದೆಂದರೇನು? "ಸರಿಯಾಗಿ ಹಬ್ಬದ ಹಿಂದಿನ ದಿನವೇ ಗ್ರಹಣ ತಂದಿಟ್ಟಿದ್ದಾನೆ ನೋಡಿ, ನೀವು ಹೋಗಬಾರದು ಅಂತಲೇ" ಎಂದಳು. ಪ್ರತಿ ಅಮಾವಾಸ್ಯೆಯ ಮರುದಿನ ಪಾಡ್ಯವೇ ಬರುವುದು, ಸೂರ್ಯಗ್ರಹಣ ಅಮಾವಾಸ್ಯೆಗೇ ಆಗುವುದು, ಇದರಲ್ಲಿ ಆಕಸ್ಮಿಕವೇ ಇಲ್ಲ ಎಂದು ವಿವರಿಸಿದೆ. "ಆಕಸ್ಮಿಕ ಅಲ್ಲ ಅಂತ ನಾನೂ ಅದನ್ನೇ ಹೇಳಿದ್ದು" ಎಂದು ಒಳಗೆ ಹೋದಳು.